ಆ ಸೂಜಿಲಿ ಎಂತ ಇತ್ತು? – ಭ್ರೂಣದ ಸ್ಟೆಮ್ ಸೆಲ್ ಮತ್ತು ಸರ್ಕಾರದ ದುಡ್ಡು

(ಶಿರಸಿಯಲ್ಲಿ ನಮ್ಮ ಓದುಗರ ಬಳಗದ ತಿಂಗಳ ಕಾರ್ಯಕ್ರಮದಲ್ಲಿ ಮಾತಾಡಿದ್ದು ಇದು. ಫೋನಲ್ಲಿ ರೆಕಾರ್ಡ್ ಆಗಿದ್ದನ್ನ ಕೇಳ್ಕೊಂಡು ಟೈಪ್ ಮಾಡಿದೀನಿ, ಹಂಚಿನ ಮೇಲೆ ಮಳೆ ಸದ್ದು ಜಾಸ್ತಿಯಾಗಿ ಕೇಳಿಸದೇ ಹೋದ ಕಡೆ ನೆನಪಿಂದ ಬರೆದೆ, ಕೊನೇಲಿ ಪ್ರಶ್ನೋತ್ತರದ್ದೂ ಸ್ವಲ್ಪ ಸೇರಿಸಿದೀನಿ.)

ಎಲ್ಲರಿಗೂ ನಮಸ್ಕಾರ. ಇಂಥ ಮಳೇಲಿ ಘಟ್ಟದ ಕೆಳಗಿಂದ, ಕುಮಟಾ ಹೊನ್ನಾವರದಿಂದ ಎಲ್ಲ ಬಂದಿದೀರಿ, ತುಂಬಾ ಸಂತೋಷ ಆಯ್ತು. ವಿಷಯ ಭ್ರೂಣದ ಸ್ಟೆಮ್ ಸೆಲ್ ಸಂಶೋಧನೆಗೆ ಸರ್ಕಾರ ದುಡ್ಡು ಕೊಡಬೇಕಾ ಅನ್ನೋ ಅಮೆರಿಕದ ಬಜೆಟ್ ಜಗಳದ್ದು, ಆದ್ರೆ ನಾನು ಅಡಿಕೆ ಮರದಿಂದ ಶುರು ಮಾಡ್ತೀನಿ.

ಅಡಿಕೆ ಕೊನೆ ಕೊಯ್ಯೋವಾಗ, ಇಲ್ಲಾ ಮಳೆಗಾಲದಲ್ಲಿ ಕೊಳೆ ರೋಗಕ್ಕೆ ಔಷಧಿ ಹೊಡೆಯೋವಾಗ, ಮರದಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳ್ಕೊಂಡವರು ನಿಮ್ಮ ಊರಕಡೆ ಯಾರೂ ಇಲ್ವಾ? ಇಲ್ಲ ಅನ್ನೋರು ಕೈ ಎತ್ತಿ. (ಯಾರೂ ಎತ್ತಲಿಲ್ಲ.) ನಮ್ಮನೆ ತೋಟಕ್ಕೆ ಹದಿನೈದು ವರ್ಷ ಕೊನೆ ಕೊಯ್ಯೋಕೆ ಬರ್ತಿದ್ದ ಕೊನೆಗೌಡ ಒಬ್ಬರು, ಒಂದು ಮರದ ತುದಿಯಿಂದ ಇನ್ನೊಂದಕ್ಕೆ ಹಾಯೋದು ಅವರಿಗೆ ನಾವು ಅಂಗಳ ದಾಟಿದಷ್ಟು ಸಲೀಸು, ಒಂದು ದಿನ ಬೇರೆಯವರ ತೋಟದಲ್ಲಿ ಮರ ಮುರಿದು ಬಿದ್ರು. ಬೆನ್ನುಮೂಳೆ ಮುರೀತು, ಒಳಗಿನ ನರದ ಹುರಿಗೆ ಪೆಟ್ಟಾಯ್ತು. ಇಲ್ಲಿಂದ ಹುಬ್ಬಳ್ಳಿ, ಹುಬ್ಬಳ್ಳಿಯಿಂದ ಮಣಿಪಾಲ. ಅಲ್ಲಿ ಡಾಕ್ಟ್ರು ನೇರವಾಗಿ ಹೇಳಿದ್ರು, ಜೀವ ಉಳಿದಿದೆ, ಕಾಲು ಬರೋದು ಕಷ್ಟ ಅಂತ. ಅದಾಗಿ ಎಂಟು ತಿಂಗಳಿಗೆ ಅವರ ತಮ್ಮ ಯಾರದೋ ಮಾತು ಕೇಳಿ, ಇದ್ದ ಅರ್ಧ ಎಕರೆಯಲ್ಲಿ ಒಂದು ಭಾಗ ಮಾರಿ, ದೂರದ ಒಂದು ಸಿಟಿಯ ಕ್ಲಿನಿಕ್ಕಿಗೆ ಕರ್ಕೊಂಡು ಹೋದ. ಸ್ಟೆಮ್ ಸೆಲ್ ಇಂಜೆಕ್ಷನ್ ಅಂತ ಮೂರು ಸಲ ಬೆನ್ನಿಗೆ ಚುಚ್ಚಿದ್ರು, ನಾಲ್ಕು ಲಕ್ಷದ ಮೇಲಾಯ್ತು. ಏನೂ ಆಗ್ಲಿಲ್ಲ. ನಾನು ನೋಡೋಕೆ ಹೋದಾಗ ಅವರು ಕೇಳಿದ್ದು ಒಂದೇ ಮಾತು, "ಅಕ್ಕೋರೇ, ನೀವು ಅದೇ ಪಾಠ ಮಾಡ್ದವರಲ್ವಾ, ಆ ಸೂಜಿಲಿ ಎಂತ ಇತ್ತು?"

ಬಿಲ್ ತರಿಸಿ ನೋಡಿದೆ. "ಸೆಲ್ ಥೆರಪಿ ಪ್ಯಾಕೇಜ್" ಅಂತ ಇತ್ತು ಅಷ್ಟೇ. ಯಾರ ಸೆಲ್ಲು, ಎಲ್ಲಿ ಬೆಳೆಸಿದ್ದು, ಎಷ್ಟು ಹಾಕಿದ್ರು, ಒಂದಕ್ಷರ ಇಲ್ಲ. ಮೂವತ್ತು ವರ್ಷ ಬಯಾಲಜಿ ಪಾಠ ಮಾಡಿದ ನನಗೆ ಅವರ ಪ್ರಶ್ನೆಗೆ ಉತ್ತರ ಕೊಡೋಕೆ ಆಗ್ಲಿಲ್ಲ. ಅವತ್ತಿಂದ ಈ ವಿಷಯ ಓದ್ತಾನೇ ಇದೀನಿ.

ಮೊದಲು ವಸ್ತು ಯಾವುದು ಅಂತ ಸ್ವಲ್ಪ ಹೇಳ್ಬಿಡ್ತೀನಿ. ಮೊಟ್ಟೆ ವೀರ್ಯ ಕೂಡಿ ಐದು ದಿನ ಆದಾಗ ಭ್ರೂಣ ಅಂದ್ರೆ ನೂರು ಇನ್ನೂರು ಕೋಶಗಳ ಒಂದು ಟೊಳ್ಳು ಚೆಂಡು, ಸೂಜಿಮೊನೆಯಷ್ಟು. ಗರ್ಭಕೋಶಕ್ಕೆ ಇನ್ನೂ ಅಂಟಿರಲ್ಲ. ಆ ಚೆಂಡಿನ ಒಳಗೆ ಒಂದು ಕಡೆ ಕೋಶಗಳ ಸಣ್ಣ ಗುಂಪು ಇರುತ್ತೆ, ಅದೇ ಮುಂದೆ ಇಡೀ ಮೈ ಆಗೋದು, ಮಿದುಳು, ರಕ್ತ, ಉಗುರು ಎಲ್ಲ. ಅದನ್ನ ತೆಗೆದು ಗಾಜಿನ ತಟ್ಟೇಲಿ ಬೆಳೆಸಿದ್ರೆ ಏನೂ ಆಗಿ ಬದಲಾಗದೇ ಲೆಕ್ಕವಿಲ್ಲದಷ್ಟು ಹೆಚ್ಕೋತಾ ಹೋಗುತ್ತೆ, ಬೇಕಾದಾಗ ನಾವು ಬೇಕಾದ ಕೋಶವಾಗಿ ತಿರುಗಿಸ್ಕೋಬಹುದು. ಭ್ರೂಣದ ಸ್ಟೆಮ್ ಸೆಲ್ ಅನ್ನೋದು ಇವಕ್ಕೇ. ಹಾಗೆ ಒಂದು ಭ್ರೂಣದಿಂದ ಬಂದ ಕೋಶಗಳ ವಂಶಕ್ಕೆ ಲೈನ್ ಅಂತಾರೆ. ಆದ್ರೆ ಆ ಗುಂಪನ್ನ ತೆಗೆದ್ರೆ ಭ್ರೂಣ ಉಳಿಯಲ್ಲ. ಪೂರ್ತಿ ಜಗಳ ಇರೋದು ಇದೊಂದೇ ಕಾರಣಕ್ಕೆ.

ಈ ಭ್ರೂಣಗಳು ಎಲ್ಲಿಂದ ಬರ್ತವೆ ಅಂದ್ರೆ ಐವಿಎಫ್ ಕ್ಲಿನಿಕ್ಕಿಂದ. ಮಕ್ಕಳಾಗದ ದಂಪತಿಗೆ ಅಂತ ಹೊರಗೆ ಹತ್ತು ಭ್ರೂಣ ಮಾಡಿದ್ರೆ ಒಂದೋ ಎರಡೋ ಒಳಗಿಡ್ತಾರೆ, ಉಳಿದದ್ದು ದ್ರವ ಸಾರಜನಕದಲ್ಲಿ ಮೈನಸ್ 196 ಡಿಗ್ರಿಯಲ್ಲಿ ಕೂತಿರುತ್ತೆ. 2003ರಲ್ಲಿ ಪ್ರಕಟವಾದ ಲೆಕ್ಕದ ಪ್ರಕಾರ ಅಮೆರಿಕದಲ್ಲಿ ಅಂಥವು ಸುಮಾರು 4 ಲಕ್ಷ ಇದ್ವು. ಭ್ರೂಣ ಫ್ರೀಜ್ ಮಾಡೋದ್ರಲ್ಲಿ ನಮ್ಮವರೇನೂ ಹಿಂದೆ ಇರ್ಲಿಲ್ಲ, 1978ರಲ್ಲೇ ಕೊಲ್ಕತ್ತಾದ ಡಾಕ್ಟರ್ ಸುಭಾಷ್ ಮುಖರ್ಜಿ ಫ್ರೀಜ್ ಮಾಡಿಟ್ಟ ಭ್ರೂಣದಿಂದ ಮಗು ಹುಟ್ಟಿಸಿದೀನಿ ಅಂತ ಹೇಳಿದ್ರು, ಅಲ್ಲಿನ ಸರ್ಕಾರ ಕಮಿಟಿ ಮಾಡಿ ಸುಳ್ಳು ಅಂತು, ಕಣ್ಣಿನ ಆಸ್ಪತ್ರೆಗೆ ಟ್ರಾನ್ಸ್‌ಫರ್ ಮಾಡ್ತು, 1981ರಲ್ಲಿ ಅವರು ಆತ್ಮಹತ್ಯೆ ಮಾಡ್ಕೊಂಡ್ರು. ಅವರ ಟಿಪ್ಪಣಿಗಳನ್ನ ಓದಿ ಡಾಕ್ಟರ್ ಟಿ.ಸಿ. ಆನಂದ ಕುಮಾರ್, ಮುಖರ್ಜಿ ಹೇಳಿದ್ದು ನಿಜ ಅಂತ ಸಾರಿದ್ದು 1997ರಲ್ಲಿ. ನನಗೆ ಇದನ್ನ ಹೇಳದೇ ಮುಂದೆ ಹೋಗೋಕೆ ಮನಸ್ಸು ಬರಲ್ಲ.

ಈಗ ಅಮೆರಿಕಕ್ಕೆ ಹೋಗೋಣ. 1998ರ ನವೆಂಬರಿನಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದ ಸ್ಟೆಮ್ ಸೆಲ್ ಬೆಳೆಸಿ ತೋರಿಸಿದ್ರು. ಇಲಿಯಲ್ಲಿ ಅದು 1981ರಲ್ಲೇ ಆಗಿತ್ತು. ಥಾಮ್ಸನ್ ಈ ಕೆಲಸಕ್ಕೆ ಫೆಡರಲ್, ಅಂದ್ರೆ ಅಲ್ಲಿನ ಕೇಂದ್ರ ಸರ್ಕಾರದ ಒಂದು ಡಾಲರ್ ಕೂಡ ಬಳಸೋ ಹಾಗಿರ್ಲಿಲ್ಲ, ಯಾಕಂದ್ರೆ 1996ರಿಂದ ಡಿಕಿ-ವಿಕರ್ ಅಂತ ಒಂದು ತಿದ್ದುಪಡಿ ಇದೆ, ಭ್ರೂಣ ನಾಶವಾಗೋ ಯಾವ ಸಂಶೋಧನೆಗೂ ಫೆಡರಲ್ ದುಡ್ಡಿಲ್ಲ ಅಂತ, ಅದನ್ನ ಪ್ರತಿ ವರ್ಷ ಬಜೆಟ್ ಜೊತೆ ಮತ್ತೆ ಮತ್ತೆ ಪಾಸ್ ಮಾಡ್ತಾ ಬಂದಿದಾರೆ. ಹಾಗಾಗಿ ದುಡ್ಡು ಬಂದಿದ್ದು ಜೆರಾನ್ ಅನ್ನೋ ಕಂಪನಿಯಿಂದ ಮತ್ತು ವಿಶ್ವವಿದ್ಯಾಲಯದ ಪೇಟೆಂಟ್ ನೋಡ್ಕೊಳ್ಳೋ ಫೌಂಡೇಶನ್ನಿಂದ. ಇದನ್ನ ಸರಿಯಾಗಿ ಗಮನಿಸಿ. ಅಲ್ಲಿ ಭ್ರೂಣದ ಸಂಶೋಧನೆಯನ್ನ ಫೆಡರಲ್ ಕಾನೂನು ಅಪರಾಧ ಅಂತ ಮಾಡಿರ್ಲಿಲ್ಲ. ಪ್ರೈವೇಟ್ ದುಡ್ಡಲ್ಲಿ ಏನು ಬೇಕಾದ್ರೂ ಮಾಡ್ಕೊಳ್ಳಿ, ನಮ್ಮ ದುಡ್ಡಲ್ಲಿ ಬೇಡ, ಇಷ್ಟೇ ಅಲ್ಲಿನ ನಿಲುವು.

2001ರ ಆಗಸ್ಟ್ 9ಕ್ಕೆ ಆಗಿನ ಅಧ್ಯಕ್ಷ ಬುಷ್ ಟೀವಿಯಲ್ಲಿ ಬಂದು ಒಂದು ನಡುದಾರಿ ಹೇಳಿದ್ರು. ಇವತ್ತಿನವರೆಗೆ ಆಗಿಹೋದ ಲೈನ್‌ಗಳ ಮೇಲೆ ಸರ್ಕಾರದ ದುಡ್ಡಲ್ಲಿ ಕೆಲಸ ಮಾಡಬಹುದು, ಆ ಭ್ರೂಣಗಳು ಹೇಗೂ ಹೋಗಿವೆ, ಇವತ್ತಿನ ನಂತರ ಹೊಸದಾಗಿ ಮಾಡಿದ್ದಕ್ಕೆ ಕೊಡಲ್ಲ. ಪ್ರಪಂಚದಲ್ಲಿ 60ಕ್ಕೂ ಹೆಚ್ಚು ಅಂಥ ಲೈನ್ ಇವೆ ಅಂದ್ರು. ಆ ಪಟ್ಟಿಯಲ್ಲಿ ನಮ್ಮ ಬೆಂಗಳೂರಿತ್ತು ಗೊತ್ತಾ? ಅಲ್ಲಿನ ಎನ್‌ಸಿಬಿಎಸ್ ಅನ್ನೋ ಜೀವವಿಜ್ಞಾನ ಸಂಶೋಧನಾ ಕೇಂದ್ರದ 3 ಲೈನ್, ಮುಂಬೈನ ರಿಲಯನ್ಸ್ ಲೈಫ್ ಸೈನ್ಸಸ್‌ನ 7. ಆದ್ರೆ ಪಟ್ಟಿ ಬೇರೆ, ಕೈಗೆ ಸಿಗೋದು ಬೇರೆ. ಎಷ್ಟೋ ಲೈನ್ ಸರಿಯಾಗಿ ಬೆಳೀಲೇ ಇಲ್ಲ, ಕೊನೆಗೆ ಲ್ಯಾಬುಗಳಿಗೆ ನಿಜವಾಗಿ ಸಿಕ್ಕಿದ್ದು 21ರ ಆಸುಪಾಸು. ಅವನ್ನೂ ಇಲಿ ಕೋಶದ ಹಾಸಿನ ಮೇಲೆ ಬೆಳೆಸಿದ್ದರಿಂದ ಮನುಷ್ಯರಲ್ಲಿ ಇರದ ಒಂದು ಸಕ್ಕರೆ ಅಂಶ ಅವುಗಳ ಮೇಲೆ ಸೇರ್ಕೊಂಡಿದೆ ಅಂತ 2005ರಲ್ಲಿ ಅಜಿತ್ ವರ್ಕಿ ಅವರ ತಂಡ ತೋರಿಸ್ತು.

ಲ್ಯಾಬಲ್ಲಿ ಏನಾಯ್ತು ಅಂದ್ರೆ, ಸರ್ಕಾರದ ದುಡ್ಡಲ್ಲಿ ತಂದ ಮೈಕ್ರೋಸ್ಕೋಪಿನ ಕೆಳಗೆ ಹೊಸ ಲೈನ್ ಇಟ್ಟು ನೋಡೋ ಹಾಗಿಲ್ಲ. ಫ್ರಿಜ್ ಬೇರೆ, ತಟ್ಟೆ ಬೇರೆ, ಲೆಕ್ಕದ ಪುಸ್ತಕ ಬೇರೆ. ನಮ್ಮ ಕಡೆ ಮಡಿ-ಮೈಲಿಗೆಗೆ ಪಾತ್ರೆ ಬೇರೆ ಇಡ್ತಿದ್ದ ಹಿರಿಯರನ್ನ ಕಂಡವರಿಗೆ ಇದು ಬೇಗ ಅರ್ಥ ಆಗುತ್ತೆ. ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ಅಂತ ಒಬ್ಬರು, ಮಗ ಸ್ಯಾಮ್‌ಗೆ ಆರು ತಿಂಗಳಿದ್ದಾಗ ಟೈಪ್ 1 ಸಕ್ಕರೆ ಕಾಯಿಲೆ ಬಂತು, ಆಮೇಲೆ ಮಗಳು ಎಮ್ಮಾಗೂ ಬಂತು, ಅವರು ಅಲ್ಲಿವರೆಗೆ ಮಾಡ್ತಿದ್ದ ಕಪ್ಪೆಯ ಭ್ರೂಣದ ಕೆಲಸ ಬಿಟ್ಟು ಇನ್ಸುಲಿನ್ ಕೋಶ ಬೆಳೆಸೋದಕ್ಕೆ ಇಳಿದ್ರು. ಸರ್ಕಾರದ ದುಡ್ಡು ಸಿಗದ ಕಾರಣ ಖಾಸಗಿ ದತ್ತಿ ದುಡ್ಡಲ್ಲಿ 17 ಹೊಸ ಲೈನ್ ಮಾಡಿ 2004ರಲ್ಲಿ ಬೇರೆ ವಿಜ್ಞಾನಿಗಳಿಗೆ ಹಂಚಿದ್ರು. ಅದೇ ವರ್ಷ ಕ್ಯಾಲಿಫೋರ್ನಿಯಾದ ಜನ ವೋಟ್ ಹಾಕಿ, ಶೇಕಡಾ 59 ಜನ ಹೌದು ಅಂದು, ತಮ್ಮ ರಾಜ್ಯದ ಬಾಂಡ್ ದುಡ್ಡಿಂದ 300 ಕೋಟಿ ಡಾಲರ್ ಇದಕ್ಕೆ ಅಂತ ಎತ್ತಿಟ್ರು. ದೆಹಲಿ ಕೊಡದಿದ್ರೆ ಬೆಂಗಳೂರು ಕೊಡ್ತು ಅನ್ನೋ ಥರ ಅಂತ ತಿಳ್ಕೊಳ್ಳಿ.

ಇದನ್ನ ಎರಡು ಪಕ್ಷದ ಜಗಳ ಅಂತಷ್ಟೇ ನೋಡಿದ್ರೆ ತಪ್ಪಾಗುತ್ತೆ. ಗರ್ಭಪಾತವನ್ನ ಜೀವನಪೂರ್ತಿ ವಿರೋಧಿಸಿದ ಸೆನೆಟರ್ ಓರಿನ್ ಹ್ಯಾಚ್ ಇದಕ್ಕೆ ದುಡ್ಡು ಕೊಡಿ ಅಂತ ನಿಂತ್ರು. ಅಲ್ಝೈಮರ್ಸ್‌ನಲ್ಲಿ ಗಂಡನನ್ನ, ಮಾಜಿ ಅಧ್ಯಕ್ಷ ರೇಗನ್ನರನ್ನ, ವರ್ಷಗಟ್ಟಲೆ ನೋಡ್ಕೊಂಡ ನ್ಯಾನ್ಸಿ ರೇಗನ್ ಕೂಡ. 2006ರ ಜುಲೈನಲ್ಲಿ ಹೊಸ ಲೈನ್ ಮೇಲಿನ ಕೆಲಸಕ್ಕೂ ದುಡ್ಡು ಕೊಡಿ ಅಂತ ಎರಡೂ ಸದನ ಪಾಸ್ ಮಾಡಿದ ಬಿಲ್ಲನ್ನ ಬುಷ್ ವೀಟೋ ಮಾಡಿದ್ರು, ಅಂದ್ರೆ ಸಹಿ ಹಾಕದೇ ತಡೆದ್ರು, ಅವರು ಅಧಿಕಾರಕ್ಕೆ ಬಂದಮೇಲೆ ಮೊದಲ ವೀಟೋ ಅದು, 2007ರಲ್ಲಿ ಮತ್ತೆ ಮಾಡಿದ್ರು. 2009ರ ಮಾರ್ಚಲ್ಲಿ ಒಬಾಮ ಆ ದಿನಾಂಕದ ಗೆರೆ ತೆಗೆದ್ರು, ಹೊಸ ಲೈನ್ ಮಾಡೋ ಕೆಲಸಕ್ಕೆ ಫೆಡರಲ್ ದುಡ್ಡು ಆಗಲೂ ಇಲ್ಲ, ಆದ್ರೆ ಬೇರೆ ದುಡ್ಡಲ್ಲಿ ಆದ ಲೈನ್ ಮೇಲೆ ಸಂಶೋಧನೆ ಮಾಡಬಹುದು, ಷರತ್ತು ಏನಂದ್ರೆ ದಂಪತಿ ಲಿಖಿತ ಒಪ್ಪಿಗೆ ಕೊಟ್ಟಿರಬೇಕು, ಅವರಿಗೆ ಬೇಡವಾಗಿ ಉಳಿದ ಭ್ರೂಣವೇ ಆಗಿರಬೇಕು, ದುಡ್ಡು ಕೊಟ್ಟು ಕೊಂಡಿರಬಾರದು. ಭ್ರೂಣದ್ದಲ್ಲದ, ವಯಸ್ಕರ ಮೈಯಿಂದ ತೆಗೆದ ಸ್ಟೆಮ್ ಸೆಲ್ ಮೇಲೆ ಕೆಲಸ ಮಾಡೋ ಇಬ್ಬರು ವಿಜ್ಞಾನಿಗಳು ಕೋರ್ಟಿಗೆ ಹೋಗಿ 2010ರ ಆಗಸ್ಟಲ್ಲಿ ತಡೆ ತಂದ್ರು, ಕೆಲವೇ ದಿನದಲ್ಲಿ ಮೇಲಿನ ಕೋರ್ಟು ಆ ತಡೆಯನ್ನ ಅಮಾನತಲ್ಲಿಟ್ಟಿತು, 2013ರಲ್ಲಿ ಸುಪ್ರೀಂ ಕೋರ್ಟು ಕೇಸ್ ಕೇಳೋಕೇ ಒಪ್ಪದೇ ಮುಗೀತು.

ವಿರೋಧ ಮಾಡೋರ ಮಾತನ್ನ ನಾನು ಹಗುರವಾಗಿ ತಗೊಳ್ಳಲ್ಲ. ಇಲ್ಲಿ ಕೂತಿರೋ ಹೊನ್ನಾವರದ ನಮ್ಮ ಹಿರಿಯ ಮಿತ್ರರು ಕೆಥೋಲಿಕರು, ಹೋದ ಸಲ ಚಹಾ ಕುಡಿಯೋವಾಗ ನನಗೆ ಅಂದಿದ್ರು, "ಬಾಯೀ, ನೀವು ನಿಮ್ಮ ದುಡ್ಡಲ್ಲಿ ಮಾಡಿದ್ರೆ ಅದು ನಿಮ್ಮ ಪಾಪ-ಪುಣ್ಯ, ನನ್ನ ತೆರಿಗೇಲಿ ಮಾಡಿದ್ರೆ ನನ್ನ ಕೈಯೂ ಅದ್ರಲ್ಲಿ ಇದ್ದ ಹಾಗಲ್ವಾ?" ಈ ಮಾತಿಗೆ ತೂಕ ಇದೆ. ಜೀವ ಫಲಿತವಾದ ಕ್ಷಣದಿಂದಲೇ ಶುರು ಅಂತ ನಂಬಿದವರಿಗೆ ಐದು ದಿನ, ಐದು ತಿಂಗಳು ಅಂತ ವ್ಯತ್ಯಾಸ ಇರಲ್ಲ. ಹಾಗಂತ ಇದೊಂದೇ ಉತ್ತರ ಅಲ್ಲ. ಇಸ್ಲಾಂನಲ್ಲಿ 120 ದಿನಕ್ಕೆ ಆತ್ಮ ಸೇರುತ್ತೆ ಅಂತ ಹೇಳೋ ವಿದ್ವಾಂಸರು ಬಹಳ ಜನ. ನಮ್ಮಲ್ಲಿ? ಚರಕ ಸಂಹಿತೆ ತೆಗೆದ್ರೆ ಶುಕ್ರ ಶೋಣಿತ ಸೇರಿದಾಗಲೇ ಜೀವವೂ ಬಂದು ಸೇರಿದ್ರೆ ಅದು ಗರ್ಭ ಅನ್ನುತ್ತೆ. ಗರ್ಭೋಪನಿಷತ್ ತೆಗೆದ್ರೆ ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಬುದ್ಬುದ ಅಂದ್ರೆ ನೀರ್ಗುಳ್ಳೆ, ಹದಿನೈದು ದಿನದೊಳಗೆ ಪಿಂಡ ಅಂತ ಹೇಳ್ಕೊಂಡು ಹೋಗಿ ಜೀವ ಕೂಡೋದನ್ನ ಏಳನೇ ತಿಂಗಳಿಗೆ ಇಡುತ್ತೆ. ನಮ್ಮ ಮನೆಯಲ್ಲೇ ಎರಡು ಉತ್ತರ ಇದೆ.

ಬ್ರಿಟನ್ನಿನವರು ಇದನ್ನ ಬೇರೆ ಥರ ಬಿಡಿಸಿದ್ರು. 1984ರಲ್ಲಿ ಮೇರಿ ವಾರ್ನಾಕ್ ಅನ್ನೋ ತತ್ತ್ವಶಾಸ್ತ್ರಜ್ಞೆಯ ಸಮಿತಿ 14 ದಿನದ ಗೆರೆ ಹಾಕ್ತು. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಬೆನ್ನಿನ ಜಾಗ ತೋರಿಸೋ ಮೊದಲ ಗೀರು ಮೂಡುತ್ತೆ, ಅದಕ್ಕೂ ಮುಂಚೆ ಅದು ಒಡೆದು ಅವಳಿ ಆಗೋ ಸಾಧ್ಯತೆ ಇನ್ನೂ ಇರುತ್ತೆ, ಅಂದ್ರೆ ಒಬ್ಬರೋ ಇಬ್ಬರೋ ಅಂತಾನೇ ತೀರ್ಮಾನ ಆಗಿರಲ್ಲ. 1990ರಲ್ಲಿ ಅದನ್ನ ಕಾನೂನು ಮಾಡಿ, ಲೈಸೆನ್ಸ್ ಕೊಡೋಕೆ ಒಂದು ಸಂಸ್ಥೆ ಮಾಡಿ, ಸರ್ಕಾರದ ದುಡ್ಡಿಗೂ ಪ್ರೈವೇಟ್ ದುಡ್ಡಿಗೂ ಒಂದೇ ನಿಯಮ ಅಂದ್ರು. ನನ್ನ ಮನಸ್ಸು ಒಪ್ಪೋದು ಈ ದಾರಿಗೆ. ಭ್ರೂಣಕ್ಕೆ ಬೆಲೆ ಇದೆ ಅಂತ ನಿಜವಾಗಿ ನಂಬಿದ್ರೆ ಆ ಬೆಲೆ ಯಾರ ಜೇಬಿಂದ ದುಡ್ಡು ಬಂತು ಅನ್ನೋದ್ರ ಮೇಲೆ ಬದಲಾಗೋದು ಹೇಗೆ? ಅಮೆರಿಕದ ಮೊದಲಿನ ನಿಲುವಿನಲ್ಲಿ ನನಗೆ ಕೂರದೇ ಇರೋದು ಇದು. ಸರ್ಕಾರ ದುಡ್ಡು ಕೊಡದಿದ್ರೆ ಕೆಲಸ ನಿಲ್ಲಲ್ಲ, ಜೊತೆಗೆ ಬರಬೇಕಿದ್ದ ಷರತ್ತು ಮಾತ್ರ ಬರಲ್ಲ. ಒಪ್ಪಿಗೆ ಪತ್ರ ತೋರಿಸು, ಲೆಕ್ಕ ತೋರಿಸು, ಫಲಿತಾಂಶ ಪ್ರಕಟ ಮಾಡು ಅಂತ ಕೇಳೋ ಹಕ್ಕು ದುಡ್ಡು ಹಾಕಿದವರಿಗೆ ಇರುತ್ತೆ, ಅದು ನಮಗೆ ಇರಬೇಕು.

ಸರ್ಕಾರದ ದುಡ್ಡು ಬಂದ ಕೂಡಲೇ ಎಲ್ಲ ಶುದ್ಧ ಆಗುತ್ತೆ ಅಂತ ಹೇಳ್ತಾ ಇಲ್ಲ. ದಕ್ಷಿಣ ಕೊರಿಯಾದ ಹ್ವಾಂಗ್ ವೂ-ಸುಕ್‌ಗೆ ಅಲ್ಲಿನ ಸರ್ಕಾರ ದುಡ್ಡು ಸುರೀತು, ಅಂಚೆಚೀಟಿ ಕೂಡ ಬಂತು. ಕ್ಲೋನ್ ಮಾಡಿದ ಭ್ರೂಣದಿಂದ ಲೈನ್ ತೆಗೆದೆ ಅಂತ ಬರೆದ ಅವರ ಎರಡೂ ಪ್ರಬಂಧ ಸುಳ್ಳು ಅಂತ ಆಗಿ 2006ರ ಜನವರಿಯಲ್ಲಿ ವಾಪಸ್ ಆದ್ವು, ಅವರದೇ ಲ್ಯಾಬಿನ ಕಿರಿಯ ಹೆಣ್ಣುಮಕ್ಕಳಿಂದ ಅಂಡಾಣು ತಗೊಂಡಿದ್ದೂ ಹೊರಗೆ ಬಂತು. ದುಡ್ಡಿನ ಜೊತೆ ಕೇಳೋರೂ ಬೇಕು. ಅಲ್ಲಿ ಕೊನೆಗೆ ಕೇಳಿದವರು ಯುವ ಸಂಶೋಧಕರು ಮತ್ತು ಒಂದು ಟೀವಿ ಕಾರ್ಯಕ್ರಮದವರು.

ನಮ್ಮ ಕೊನೆಗೌಡರ ವಿಷಯಕ್ಕೆ ಬರ್ತೀನಿ. ಭ್ರೂಣದ ಸ್ಟೆಮ್ ಸೆಲ್ಲಿಂದ ಮಾಡಿದ ಕೋಶವನ್ನ ಪ್ರಪಂಚದಲ್ಲಿ ಮೊದಲು ಮನುಷ್ಯರಿಗೆ ಹಾಕಿದ ಟ್ರಯಲ್ಲು ಅಂಥವರದ್ದೇ, ಬೆನ್ನುಹುರಿಗೆ ಹೊಸದಾಗಿ ಪೆಟ್ಟಾದವರದ್ದು, 2010ರ ಅಕ್ಟೋಬರಲ್ಲಿ, ಅದೇ ಜೆರಾನ್ ಕಂಪನಿದು. ಒಂದೇ ವರ್ಷಕ್ಕೆ, 2011ರ ನವೆಂಬರಲ್ಲಿ, ಕಂಪನಿ ದುಡ್ಡಿನ ಲೆಕ್ಕ ನೋಡಿ ಕ್ಯಾನ್ಸರ್ ಔಷಧಿ ಕಡೆ ಹೋಗ್ತೀವಿ ಅಂತ ನಿಲ್ಲಿಸಿಬಿಡ್ತು. ಆ ಕೆಲಸವನ್ನ ಇನ್ನೊಂದು ಕಂಪನಿ ತಗೊಂಡು 2014ರಲ್ಲಿ ಮುಂದುವರಿಸಿದ್ದು ಯಾರ ದುಡ್ಡಲ್ಲಿ? ಕ್ಯಾಲಿಫೋರ್ನಿಯಾದ ಜನ ವೋಟ್ ಹಾಕಿ ಇಟ್ಟ ದುಡ್ಡಲ್ಲಿ. ಫಲ ಏನು ಅಂದ್ರೆ, ಆ ಕೋಶಗಳಿಂದ ದೊಡ್ಡ ಹಾನಿ ಕಂಡಿಲ್ಲ, ಕೆಲವರಿಗೆ ಕೈ ಬೆರಳಿನ ಶಕ್ತಿ ಸ್ವಲ್ಪ ಸುಧಾರಿಸ್ತು. ಎದ್ದು ನಡೆದ್ರು ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ. ನನ್ನ ಕೊನೆಗೌಡರಿಗೆ ಎಂಟು ತಿಂಗಳಾದ ಮೇಲೆ ಬೆನ್ನಿಗೆ ಚುಚ್ಚಿ ಸರಿ ಮಾಡ್ತೀವಿ ಅಂದವರ ಹತ್ರ ಈ ಥರದ ಒಂದು ಸಾಲಿನ ಪುರಾವೆಯೂ ಇರ್ಲಿಲ್ಲ.

ನಿಜವಾಗಿ ಮುಂದೆ ಹೋಗಿರೋದು ಮೆಲ್ಟನ್ ಶುರು ಮಾಡಿದ ಕೆಲಸ. ಭ್ರೂಣದ ಸ್ಟೆಮ್ ಸೆಲ್ಲಿಂದ ಇನ್ಸುಲಿನ್ ಮಾಡೋ ಕೋಶ ಬೆಳೆಸಿ ಹಾಕಿದ ಟ್ರಯಲ್ಲಿನ ವರದಿ 2025ರ ಜೂನಲ್ಲಿ ಬಂತು, ಪೂರ್ತಿ ಡೋಸ್ ತಗೊಂಡ 12 ಜನರಲ್ಲಿ 10 ಜನಕ್ಕೆ ಒಂದು ವರ್ಷದ ನಂತರ ಇನ್ಸುಲಿನ್ ಸೂಜಿ ಬೇಕಾಗಿಲ್ಲ. ಆದ್ರೆ ಹಾಕಿದ ಕೋಶವನ್ನ ದೇಹ ತಿರಸ್ಕರಿಸದ ಹಾಗೆ ರೋಗನಿರೋಧಕ ಶಕ್ತಿ ತಗ್ಗಿಸೋ ಔಷಧಿ ತಿನ್ನುತ್ತಲೇ ಇರಬೇಕು, ಅದು ಸಣ್ಣ ಮಾತಲ್ಲ. ಕೈ ನಡುಗೋ ಪಾರ್ಕಿನ್ಸನ್ಸ್ ಕಾಯಿಲೆಗೂ ಇಂಥ ಕೋಶ ಹಾಕಿ 12 ಜನರ ಮೇಲೆ ಮೊದಲ ಹಂತ ಸುರಕ್ಷಿತವಾಗಿ ಮುಗಿದಿದೆ. 1998ರಿಂದ 2025, ಇಪ್ಪತ್ತೇಳು ವರ್ಷ. ಅಡಿಕೆ ಸಸಿ ನೆಟ್ಟು ಫಲಕ್ಕೆ ಏಳೆಂಟು ವರ್ಷ ಕಾಯೋ ನಮಗೂ ಇದು ಉದ್ದ ಅನ್ಸುತ್ತೆ, ಮೂರು ತಿಂಗಳಿಗೊಮ್ಮೆ ಲಾಭ ತೋರಿಸಬೇಕಾದ ಕಂಪನಿ ಇಷ್ಟು ಕಾಯುತ್ತಾ?

ಭ್ರೂಣ ಬೇಡದ ದಾರಿ ಬಂತಲ್ಲ ಅಂತ ಕೇಳ್ತಾರೆ. ಬಂತು. 2006ರಲ್ಲಿ ಜಪಾನಿನ ಶಿನ್ಯಾ ಯಮನಾಕ ಇಲಿಯ ಚರ್ಮದ ಕೋಶಕ್ಕೆ ನಾಲ್ಕು ಜೀನ್ ಹಾಕಿ ಅದನ್ನ ಭ್ರೂಣದ ಕೋಶದ ಸ್ಥಿತಿಗೆ ತಂದ್ರು, ಮರುವರ್ಷ ಮನುಷ್ಯರದ್ದೂ ಆಯ್ತು, 2012ರಲ್ಲಿ ನೊಬೆಲ್ ಬಂತು. ನನಗೆ ಇದರಷ್ಟು ಖುಷಿ ಕೊಟ್ಟ ಪಾಠ ಬೇರೆ ಇಲ್ಲ. ಆದ್ರೆ ಆ ನಾಲ್ಕನ್ನ ಹುಡುಕಿದ್ದು ಭ್ರೂಣದ ಸ್ಟೆಮ್ ಸೆಲ್ಲಲ್ಲಿ ಮುಖ್ಯ ಅಂತ ಕಂಡಿದ್ದ 24 ಜೀನುಗಳ ಪಟ್ಟಿಯಿಂದ, ಮತ್ತೆ ಹೊಸ ಕೋಶ ಸರಿ ಇದ್ಯಾ ಅಂತ ಇವತ್ತಿಗೂ ಹೋಲಿಸಿ ನೋಡೋದು ಭ್ರೂಣದ ಕೋಶದ ಜೊತೆ.

ನಮ್ಮ ದೇಶದ್ದು ಸ್ವಲ್ಪ. ಇಲ್ಲಿ ಇದಕ್ಕೆ ಸರ್ಕಾರ ದುಡ್ಡು ಕೊಡುತ್ತೆ, ಅಂಥ ದೊಡ್ಡ ಜಗಳ ಆಗಿಲ್ಲ. ಬೆಂಗಳೂರಿನ ಜವಾಹರಲಾಲ್ ನೆಹರು ಕೇಂದ್ರದಲ್ಲಿ ಮನೀಷಾ ಇನಾಮದಾರ್ ಅವರ ತಂಡ ಐವಿಎಫ್‌ನಲ್ಲಿ ಕೆಲಸಕ್ಕೆ ಬಾರದು ಅಂತ ಬಿಟ್ಟ ಭ್ರೂಣಗಳಿಂದಲೇ ಎರಡು ಲೈನ್ ಮಾಡಿತು, ಅವು ಬ್ರಿಟನ್ನಿನ ಸ್ಟೆಮ್ ಸೆಲ್ ಬ್ಯಾಂಕಿನಲ್ಲೂ ಇವೆ. ಐಸಿಎಂಆರ್, ಅಂದ್ರೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, 2007ರಲ್ಲಿ ಮಾರ್ಗಸೂಚಿ ತಂತು, 14 ದಿನದ ಗೆರೆ ಇಲ್ಲೂ ಇದೆ. ಆ ಮಾರ್ಗಸೂಚಿಯ ಹೆಸರಲ್ಲಿ ಮೊದಲು ಸಂಶೋಧನೆ ಮತ್ತು ಥೆರಪಿ ಅಂತ ಎರಡೂ ಇತ್ತು, 2013ರಲ್ಲಿ ಥೆರಪಿ ಅನ್ನೋ ಪದವನ್ನೇ ತೆಗೆದುಹಾಕಿದ್ರು. ರಕ್ತದ ಕೆಲವು ಕಾಯಿಲೆಗೆ ಮಾಡೋ ಅಸ್ಥಿಮಜ್ಜೆ ಕಸಿಯಂಥದ್ದು ಬಿಟ್ರೆ ಬೇರೆ ಯಾವುದೂ ಚಿಕಿತ್ಸೆ ಅಲ್ಲ, ಟ್ರಯಲ್ ಮಾತ್ರ, ಟ್ರಯಲ್ಲಿಗೆ ರೋಗಿಯ ಹತ್ರ ದುಡ್ಡು ತಗೋಬಾರದು ಅಂತ. ದುಡ್ಡು ಕೇಳಿದ್ರು ಅಂದ್ರೆ ಅಲ್ಲೇ ಎದ್ದು ಬನ್ನಿ. ಇದೊಂದನ್ನ ಮನೆಗೆ ಹೋಗಿ ಪಕ್ಕದವರಿಗೂ ಹೇಳಿ.

(ಇಲ್ಲಿಂದ ಪ್ರಶ್ನೆಗಳು.)

ಕಾರವಾರದ ಕಡೆಯ ಒಬ್ಬ ಯುವಕ ಎದ್ದು ಕೇಳಿದ, "ಮೇಡಂ, ನಮ್ಮ ಜಿಲ್ಲೇಲಿ ಒಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಇಲ್ಲ, ಆಕ್ಸಿಡೆಂಟ್ ಆದ್ರೆ ಗೋವಾಕ್ಕೋ ಮಂಗಳೂರಿಗೋ ಓಡ್ತೀವಿ, ಆಂಬುಲೆನ್ಸಲ್ಲೇ ಜನ ಹೋಗ್ತಾರೆ. ಮೊದಲು ಅದಕ್ಕೆ ದುಡ್ಡು ಬೇಡ್ವಾ?" ಸಭೆ ಚಪ್ಪಾಳೆ ಹೊಡೀತು, ನಾನೂ ಹೊಡೆದೆ. ಬೆನ್ನುಮೂಳೆ ಮುರಿದ ಮನುಷ್ಯನನ್ನ ಘಟ್ಟದ ರಸ್ತೇಲಿ ಮೂರು ತಾಸು ಕುಲುಕಿಸ್ಕೊಂಡು ಒಯ್ಯೋದು ಯಾವ ಸ್ಟೆಮ್ ಸೆಲ್ಲಿಂದಲೂ ಸರಿಯಾಗಲ್ಲ. ಆದ್ರೆ ಮಂಗನ ಕಾಯಿಲೆ ನೋಡಪ್ಪ, 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಲ್ಲಿ ಸಿಕ್ಕ ವೈರಸ್ಸು, ಸಿದ್ದಾಪುರದಲ್ಲಿ ಈಗಲೂ ಜನ ಹೆದರ್ಕೊಂಡು ದರಕಿಗೆ, ಅಂದ್ರೆ ಕಾಡಿಂದ ತರಗೆಲೆ ತರೋಕೆ, ಹೋಗ್ತಾರೆ. ನಾಲ್ಕು ತಾಲೂಕಿನ ಕಾಯಿಲೆಗೆ ಯಾವ ಕಂಪನಿ ಲಸಿಕೆ ಮಾಡುತ್ತೆ? ಅದಕ್ಕೆ ಲಸಿಕೆ ಮಾಡಿಸಿ ಹಾಕಿಸಿದ್ದು ಸರ್ಕಾರ, ಅದು ಸಾಲ್ದು ಅಂತಾದಾಗ ಹೊಸದಕ್ಕೆ ಮತ್ತೆ ಸರ್ಕಾರವೇ ಬೇಕು. ಆಸ್ಪತ್ರೆ ಕೇಳೋದನ್ನ ಒಂದಿನವೂ ಬಿಡಬೇಡ, ಲ್ಯಾಬನ್ನೂ ಜೊತೆಗೇ ಕೇಳು ಅಂದೆ. ಅಂವ ಪೂರ್ತಿ ಒಪ್ಪಲಿಲ್ಲ, ಮೊದಲು ಆಸ್ಪತ್ರೆ ಅಂತಲೇ ಕೂತ.

ಹೊನ್ನಾವರದ ಹಿರಿಯರೂ ಮಾತಾಡಿದ್ರು. ಇಷ್ಟು ಹೊತ್ತು ಕೇಳಿದ ಮೇಲೂ ನನ್ನ ನಂಬಿಕೆ ಅದೇ, ಆದ್ರೆ ಪ್ರೈವೇಟಿಗೂ ಸರ್ಕಾರಕ್ಕೂ ಒಂದೇ ನಿಯಮ ಇರಬೇಕು ಅನ್ನೋದಕ್ಕೆ ನಾನು ನಿಮ್ಮ ಜೊತೆ ಸಹಿ ಹಾಕ್ತೀನಿ ಅಂದ್ರು.

ಎಲ್ಲ ಮುಗಿದು ಕುರ್ಚಿ ಎತ್ತಿಡೋವಾಗ ಒಬ್ಬ ಹೆಣ್ಣುಮಗಳು ಹತ್ರ ಬಂದ್ರು. ಅವರ ಒಪ್ಪಿಗೆ ತಗೊಂಡೇ ಬರೀತಿದೀನಿ. ಐವಿಎಫ್‌ನಿಂದ ಅವರಿಗೆ ಮಗಳು ಹುಟ್ಟಿ ಈಗ ಆರು ವರ್ಷ, ಇನ್ನೂ ಮೂರು ಭ್ರೂಣ ಫ್ರೀಜರಲ್ಲಿ ಇವೆ, ವರ್ಷಾ ವರ್ಷ ಫೀಸು ಕಟ್ತಾ ಇದಾರೆ. ಮಗಳ ಮುಖ ನೋಡಿದಾಗಲೆಲ್ಲ ಆ ಮೂರು ನೆನಪಾಗುತ್ತೆ ಅಂದ್ರು, ಕಣ್ಣು ತುಂಬ್ಕೊಂಡಿತ್ತು. ಐವಿಎಫ್‌ನಂಥ ಚಿಕಿತ್ಸೆ ಬಗ್ಗೆ ನಮ್ಮಲ್ಲಿರೋ 2021ರ ಕಾಯ್ದೆ ಹೇಳಿದೆ, ಹತ್ತು ವರ್ಷಕ್ಕಿಂತ ಹೆಚ್ಚು ಇಡೋ ಹಾಗಿಲ್ಲ, ಆಮೇಲೆ ಒಂದೋ ತಾನಾಗಿ ಅಳಿಯೋಕೆ ಬಿಡಬೇಕು, ಇಲ್ಲಾ ನೀವಿಬ್ಬರೂ ಒಪ್ಪಿದ್ರೆ ನೋಂದಾಯಿತ ಸಂಶೋಧನಾ ಸಂಸ್ಥೆಗೆ ಕೊಡಬಹುದು, ಮಾರೋ ಹಾಗಂತೂ ಇಲ್ಲವೇ ಇಲ್ಲ. ಅವರು ಬ್ಯಾಗಿಂದ ಮಡಚಿಟ್ಟ ಕ್ಲಿನಿಕ್ಕಿನ ಫಾರ್ಮ್ ತೆಗೆದ್ರು. "ಸಂಶೋಧನೆಗೆ ದಾನ" ಅಂತ ಒಂದು ಸಾಲು, ಪಕ್ಕದಲ್ಲಿ ಟಿಕ್ ಹಾಕೋಕೆ ಚೌಕ.

"ಅಕ್ಕಾ, ಇದ್ರಲ್ಲಿ ಸಂಶೋಧನೆ ಅಂದ್ರೆ ನೀವು ಹೇಳಿದ ಬೆಂಗಳೂರಿನಂಥದ್ದಾ, ಅಥವಾ ಆ ಸೂಜಿ ಚುಚ್ಚಿದವರಂಥದ್ದಾ?"

ಫಾರ್ಮನ್ನ ಹಿಂದೆ ಮುಂದೆ ಎರಡು ಸಲ ಓದಿದೆ. ಎಲ್ಲೂ ಬರೆದಿರ್ಲಿಲ್ಲ. ಯಾವ ಸಂಸ್ಥೆ, ಅದರ ನೋಂದಣಿ ನಂಬರ್ ಏನು, ಯಾರ ದುಡ್ಡಲ್ಲಿ ನಡೆಯೋ ಯಾವ ಕೆಲಸ ಅಂತ ಕ್ಲಿನಿಕ್ಕಿಗೆ ಬರವಣಿಗೇಲಿ ಕೇಳಿ, ಉತ್ತರ ಕೈಗೆ ಬರೋವರೆಗೆ ಚೌಕ ಖಾಲಿ ಬಿಡಿ ಅಂದೆ. ಅಲ್ಲೇ ಬೆಂಚಿನ ಮೇಲೆ ಕೂತು ಇಬ್ಬರೂ ಸೇರಿ ಆ ಪತ್ರ ಬರೆದ್ವಿ.